ಸಹಿ ಹಾಕದವನ ಯುದ್ಧ

1987ರ ಸೆಪ್ಟೆಂಬರ್ ಮಧ್ಯದ ಒಂದು ರಾತ್ರಿ ಜಾಫ್ನಾ ಬಳಿಯ ಪಲಾಲಿ ವಾಯುನೆಲೆಗೆ ಕೊಲಂಬೊದಿಂದ ಫೋನ್ ಕರೆ ಬಂತು. ಕರೆ ಮಾಡಿದವರು ಶ್ರೀಲಂಕಾದಲ್ಲಿ ಭಾರತದ ಹೈಕಮಿಷನರ್ ಆಗಿದ್ದ ಜೆ.ಎನ್. ದೀಕ್ಷಿತ್. ಎತ್ತಿಕೊಂಡವರು ಭಾರತೀಯ ಶಾಂತಿಪಾಲನಾ ಪಡೆಯ 54ನೇ ಪದಾತಿ ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಹರ್ಕೀರತ್ ಸಿಂಗ್. ಮಾತುಕತೆಗೆ ಬರುವ, ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ (‘ಹುಲಿಗಳ’) ನಾಯಕ ಪ್ರಭಾಕರನ್‌ನನ್ನು ಹಿಡಿಯಿರಿ, ಇಲ್ಲವೇ ಗುಂಡಿಕ್ಕಿ ಎಂದು ತಮಗೆ ಸೂಚನೆ ಬಂತು, ಬಿಳಿ ಬಾವುಟದಡಿ ಬಂದವನ ಬೆನ್ನಿಗೆ ಗುಂಡು ಹಾರಿಸುವ ಸೈನ್ಯ ನಮ್ಮದಲ್ಲವೆಂದು ತಾವು ನಿರಾಕರಿಸಿದೆವು ಎಂದು ಹರ್ಕೀರತ್ ಸಿಂಗ್ ಮುಂದೆ ಬರೆದರು. ಇದು ಅವರೊಬ್ಬರ ಹೇಳಿಕೆ. ಆ ಸಂಭಾಷಣೆಗೆ ಮೂರನೆಯ ಸಾಕ್ಷಿಯಿಲ್ಲ.

ಈ ಪ್ರಸಂಗ ಎಲ್ಲಿ ಪ್ರಸ್ತಾಪವಾದರೂ ಅಲ್ಲಿದ್ದವರಲ್ಲಿ ಒಬ್ಬರಾದರೂ ನಿಟ್ಟುಸಿರು ಬಿಡುತ್ತಾರೆ: ಅವತ್ತೇ ಮುಗಿಸಿಬಿಟ್ಟಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು! ಬೆಂಗಳೂರಿನಲ್ಲಿ ಈ ಮಾತಿಗೆ ಇನ್ನಷ್ಟು ಬಲವಿದೆ. ರಾಜೀವ್ ಗಾಂಧಿಯವರ ಹತ್ಯೆಯ ಸಂಚುಕೋರ, ಪ್ರಭಾಕರನ್ ಕಡೆಯ ಶಿವರಾಸನ್ ಮತ್ತು ಅವನ ಸಂಗಡಿಗರು 1991ರ ಆಗಸ್ಟ್‌ನಲ್ಲಿ ಶವವಾಗಿ ಸಿಕ್ಕಿದ್ದು ಕೋಣನಕುಂಟೆಯ ಮನೆಯೊಂದರಲ್ಲಿ. ಆ ದಿನಗಳ ಪತ್ರಿಕೆಗಳನ್ನು ಓದಿ ಬೆಳೆದ ತಲೆಮಾರಿಗೆ ಶ್ರೀಲಂಕಾದ ಯುದ್ಧ ದೂರದ ಸಂಗತಿಯಲ್ಲ, ಕನಕಪುರ ರಸ್ತೆಯ ಸಂಗತಿ. ಆದರೂ ಆ ನಿಟ್ಟುಸಿರಿಗೆ ನನ್ನ ಒಪ್ಪಿಗೆಯಿಲ್ಲ. ಹರ್ಕೀರತ್ ಸಿಂಗ್ ಮಾಡಿದ್ದು ಸರಿ ಎಂದೇ ನನ್ನ ವಾದ, ಅದೂ ಕೇವಲ ನೀತಿಯ ದೃಷ್ಟಿಯಿಂದಲ್ಲ. ಒಬ್ಬನನ್ನು ಕೊಂದರೆ ಇಡೀ ಕಗ್ಗಂಟು ಬಿಚ್ಚಿಕೊಳ್ಳುತ್ತದೆ ಎಂಬ ಎಣಿಕೆಯೇ ಆ ಇಡೀ ಸಾಹಸವನ್ನು ಹಳ್ಳಕ್ಕೆ ತಳ್ಳಿದ್ದು.

1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜೆ.ಆರ್. ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಜಗಳವಿದ್ದದ್ದು ಶ್ರೀಲಂಕಾ ಸರ್ಕಾರಕ್ಕೂ ತಮಿಳು ಹೋರಾಟಗಾರರಿಗೂ. ಸಹಿ ಬಿದ್ದದ್ದು ಶ್ರೀಲಂಕಾ ಸರ್ಕಾರದ್ದು ಮತ್ತು ಭಾರತದ್ದು. ಬಂದೂಕು ಹಿಡಿದಿದ್ದವರು ಸಹಿ ಹಾಕಲೇ ಇಲ್ಲ. ಪ್ರಭಾಕರನ್‌ನನ್ನು ದೆಹಲಿಗೆ ಕರೆಸಿ, ಅಶೋಕ ಹೋಟೆಲಿನಲ್ಲಿ ಕಾವಲಿನಲ್ಲಿಟ್ಟು ಒಪ್ಪಿಸುವ ಪ್ರಯತ್ನ ನಡೆಯಿತು. ಮರಳಿದ ಮೇಲೆ ಆಗಸ್ಟ್ 4ರಂದು ಸುದುಮಲೈಯ ಸಭೆಯಲ್ಲಿ ಅವನು ಮಾಡಿದ ಭಾಷಣವನ್ನು ಯಾರಾದರೂ ಗಮನವಿಟ್ಟು ಕೇಳಿದ್ದರೆ, ಭಾರತದ ಬಲದ ಮುಂದೆ ಬೇರೆ ದಾರಿಯಿಲ್ಲದೆ ಶಸ್ತ್ರ ಒಪ್ಪಿಸುತ್ತಿದ್ದೇವೆ ಎಂಬ ಧ್ವನಿ ಅದರಲ್ಲಿ ಸ್ಪಷ್ಟವಾಗಿತ್ತು. ಬೇರೆ ದಾರಿ ಸಿಕ್ಕಿದ ದಿನ ಏನು ಮಾಡುತ್ತಾನೆ ಎಂಬುದನ್ನು ಊಹಿಸಲು ಗುಪ್ತಚರರೇ ಬೇಕಿರಲಿಲ್ಲ.

ಒಪ್ಪಂದದ ಅನುಬಂಧದಲ್ಲಿ, ಕದನವಿರಾಮವನ್ನು ಜಾರಿಗೊಳಿಸಲು ಅಗತ್ಯಬಿದ್ದರೆ ಶ್ರೀಲಂಕಾದ ಅಧ್ಯಕ್ಷರು ಭಾರತದ ಶಾಂತಿಪಾಲನಾ ಪಡೆಯನ್ನು ಆಹ್ವಾನಿಸಬಹುದು ಎಂಬ ಸಾಲಿತ್ತು. ಆಹ್ವಾನ ಕೂಡಲೇ ಬಂತು. ಜಾಫ್ನಾದ ಜನ ಹೂಮಾಲೆ ಹಾಕಿ ನಮ್ಮ ಜವಾನರನ್ನು ಬರಮಾಡಿಕೊಂಡರು. ದಕ್ಷಿಣದ ಸಿಂಹಳೀಯರಿಗೆ ಅದೇ ಪಡೆ ಆಕ್ರಮಣಕಾರಿಯಾಗಿ ಕಂಡಿತು. ಒಪ್ಪಂದದ ಮರುದಿನವೇ ಗೌರವರಕ್ಷೆ ಸ್ವೀಕರಿಸುತ್ತಿದ್ದ ರಾಜೀವ್ ಗಾಂಧಿಯವರ ಮೇಲೆ ಒಬ್ಬ ನಾವಿಕ ಬಂದೂಕಿನ ಹಿಡಿ ಬೀಸಿದ. ಜೆವಿಪಿ ಎಂಬ ಎಡಪಂಥೀಯ ಸಂಘಟನೆ ಭಾರತ ವಿರೋಧವನ್ನೇ ಬಂಡವಾಳವಾಗಿಸಿಕೊಂಡು ದಕ್ಷಿಣದಲ್ಲಿ ರಕ್ತಪಾತದ ಬಂಡಾಯ ನಡೆಸಿತು.

ಇನ್ನೊಂದು ವಿಷಯವನ್ನು ನಾವು ಸಾಮಾನ್ಯವಾಗಿ ಮೆತ್ತಗೆ ದಾಟಿಬಿಡುತ್ತೇವೆ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ನಡೆದ ಭೀಕರ ದಾಳಿಯ ನಂತರ ತಮಿಳು ಗುಂಪುಗಳಿಗೆ ತರಬೇತಿ ಕೊಟ್ಟದ್ದು ಭಾರತವೇ. ತಮಿಳುನಾಡಿನಲ್ಲಿ ಶಿಬಿರಗಳಿದ್ದವು, ಉತ್ತರದ ಚಕ್ರಾತಾದಲ್ಲಿಯೂ ಇದ್ದವು. ನಾಲ್ಕೇ ವರ್ಷಗಳಲ್ಲಿ ನಮ್ಮ ಜವಾನರು ಆ ಪಾಠ ಕಲಿತವರ ಎದುರು ನಿಲ್ಲಬೇಕಾಯಿತು. ಕೋಲು ಕೊಟ್ಟು ಹೊಡೆಸಿಕೊಳ್ಳುವುದೆಂದರೆ ಇದೇ. ತರಬೇತಿ ಕೊಟ್ಟವರೊಬ್ಬರು, ಏಟು ತಿಂದವರು ಇನ್ನೊಬ್ಬರು.

ಕುಸಿತ ಶುರುವಾದದ್ದು ಅಕ್ಟೋಬರ್ ಮೊದಲ ವಾರದಲ್ಲಿ. ಶ್ರೀಲಂಕಾದ ನೌಕಾಪಡೆ ಸಮುದ್ರದಲ್ಲಿ ಎಲ್‌ಟಿಟಿಇಯ 17 ಮಂದಿಯನ್ನು ಹಿಡಿಯಿತು. ಅವರಲ್ಲಿ ಕುಮರಪ್ಪ, ಪುಲೇಂದಿರನ್ ಎಂಬ ಇಬ್ಬರು ಪ್ರಾದೇಶಿಕ ನಾಯಕರಿದ್ದರು. ಅವರನ್ನು ಕೊಲಂಬೊಗೆ ಒಯ್ಯುವ ಹಟ ಶ್ರೀಲಂಕಾ ಸರ್ಕಾರದ್ದು. ಬಿಡಿಸಿಕೊಡಿ ಎಂಬ ಒತ್ತಡ ಹುಲಿಗಳದ್ದು. ನಡುವೆ ಪಲಾಲಿಯಲ್ಲಿ ಕಾವಲು ನಿಂತದ್ದು ನಮ್ಮ ಪಡೆ. ಕೊನೆಗೆ ಮಧ್ಯದಿಂದ ಸರಿದು ನಿಲ್ಲಿ ಎಂಬ ಆದೇಶ ಬಂತು. ಅಕ್ಟೋಬರ್ 5ರಂದು ಅವರಲ್ಲಿ 12 ಮಂದಿ ಸಯನೈಡ್ ನುಂಗಿ ಸತ್ತರು. ನಂತರದ ದಿನಗಳಲ್ಲಿ ಹುಲಿಗಳು ಪೂರ್ವ ಪ್ರಾಂತ್ಯದಲ್ಲಿ ಅಮಾಯಕ ಸಿಂಹಳೀಯರನ್ನು ಕಂಡಕಂಡಲ್ಲಿ ಕೊಂದರು. ಅಕ್ಟೋಬರ್ 10ರ ಹೊತ್ತಿಗೆ ಶಾಂತಿಪಾಲನಾ ಪಡೆ ಯುದ್ಧದಲ್ಲಿತ್ತು. ಬಂದು ಹತ್ತು ಹನ್ನೊಂದು ವಾರವಾಗಿತ್ತಷ್ಟೇ. ಹೆಸರು ಬದಲಾಗಲಿಲ್ಲ, ಕೆಲಸ ಬದಲಾಯಿತು. ಕೆಲಸ ಬದಲಾದಾಗ ಅದಕ್ಕೆ ಬೇಕಾದ ಮಾಹಿತಿ, ಆಯುಧ, ಸಂಖ್ಯೆ, ರಾಜಕೀಯ ಗುರಿ ಯಾವುದೂ ಜೊತೆಗೆ ಬದಲಾಗಲಿಲ್ಲ.

ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ನಡೆದದ್ದು ಇದರ ನೇರ ಫಲ. ಪ್ರಭಾಕರನ್ ಮತ್ತು ಹಿರಿಯ ನಾಯಕರನ್ನು ಒಂದೇ ಏಟಿಗೆ ಹಿಡಿಯುವ ಉದ್ದೇಶದಿಂದ ಪ್ಯಾರಾ ಕಮಾಂಡೊಗಳನ್ನೂ 13ನೇ ಸಿಖ್ ಲೈಟ್ ಇನ್ಫೆಂಟ್ರಿಯ ಜವಾನರನ್ನೂ ಹೆಲಿಕಾಪ್ಟರಿನಿಂದ ಇಳಿಸುವ ಯೋಜನೆಯಿತ್ತು. ಹುಲಿಗಳು ನಮ್ಮ ರೇಡಿಯೊ ಸಂದೇಶಗಳನ್ನು ಕೇಳಿಸಿಕೊಂಡು ಕಾದು ಕುಳಿತಿದ್ದರು. ಹೆಲಿಕಾಪ್ಟರುಗಳಿಗೆ ಗುಂಡು ಬಿದ್ದು ಮುಂದಿನ ಹಾರಾಟಗಳು ನಿಂತುಹೋದವು. ಅಷ್ಟರಲ್ಲಿ ಇಳಿದಿದ್ದ 30 ಸಿಖ್ ಜವಾನರ ತುಕಡಿ ಒಂಟಿಯಾಯಿತು. ರೇಡಿಯೊ ಹಿಡಿದವನು ಮೊದಲಲ್ಲೇ ಸತ್ತದ್ದರಿಂದ ಸಂಪರ್ಕವೂ ಕಡಿಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ 29 ಮಂದಿ ಸತ್ತಿದ್ದರು, ಒಬ್ಬ ಸೆರೆಯಾಗಿದ್ದ. ಇಲ್ಲಿಯೂ ಲೆಕ್ಕಾಚಾರ ಅದೇ: ತಲೆ ಸಿಕ್ಕರೆ ದೇಹ ತಾನಾಗಿ ಬೀಳುತ್ತದೆ.

ನಮ್ಮ ಬಡಾವಣೆಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಕೆಜಿಎಫ್‌ನಲ್ಲಿ ಬೆಳೆದವರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. 1988ರಲ್ಲಿ ಅವರು ನಾಯಕ್ ದರ್ಜೆಯಲ್ಲಿ ವವುನಿಯಾ ಕಡೆ ಇದ್ದರು. ಅವರ ನಿಜವಾದ ಕೆಲಸ ಬೇರೆಯಾಗಿದ್ದರೂ ತಮಿಳು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಚೆಕ್‌ಪೋಸ್ಟಿನಲ್ಲಿ ದುಭಾಷಿಯಾಗಿ ನಿಲ್ಲಿಸಿದ್ದರಂತೆ. ಪಂಜಾಬ್, ಗಢವಾಲ್, ರಾಜಸ್ಥಾನದ ಜವಾನರ ನಡುವೆ ಜನರ ಮಾತು ತಿಳಿಯುತ್ತಿದ್ದವರು ಅವರೊಬ್ಬರೇ.

"ಹುಲಿಗಳು ಲುಂಗಿ ಉಟ್ಟು ಸೈಕಲ್ ತುಳಿದುಕೊಂಡು ನಮ್ಮ ಮುಂದೆಯೇ ಹೋಗುತ್ತಿದ್ದರು. ಮೀನು ಮಾರುವವನೂ ಹಾಗೆಯೇ ಹೋಗುತ್ತಿದ್ದ. ಯಾರು ಯಾರೆಂದು ಹೇಗೆ ಹೇಳುವುದು?" ಎಂದರು ಒಮ್ಮೆ.

"ಜನರನ್ನು ಕೇಳಿದರೆ ಹೇಳುತ್ತಿರಲಿಲ್ಲವೇ ಸಾಹೇಬರೇ?"

"ಯಾಕೆ ಹೇಳಬೇಕಪ್ಪಾ? ನಾವು ಸಂಜೆ ಐದಕ್ಕೆ ಕ್ಯಾಂಪಿಗೆ ಹೋಗುತ್ತಿದ್ದೆವು. ಅವರು ರಾತ್ರಿಯೂ ಅಲ್ಲೇ ಇರುತ್ತಿದ್ದರು. ಒಬ್ಬ ಅಜ್ಜಿ ನನಗೆ ನೇರವಾಗಿಯೇ ಹೇಳಿದಳು. ನಿಮಗೆ ಸುಳ್ಳು ಹೇಳಿದರೆ ಹಗಲು ಏಟು ತಿನ್ನಬೇಕು, ನಿಜ ಹೇಳಿದರೆ ರಾತ್ರಿ ದೀಪದ ಕಂಬಕ್ಕೆ ಕಟ್ಟುತ್ತಾರೆ. ಏಟು ತಿಂದು ಬದುಕುತ್ತೇನೆ ಬಿಡು, ತಂಬಿ ಎಂದಳು."

ಆ ಅಜ್ಜಿಯ ಮಾತನ್ನು ಅವರು ತಮ್ಮ ಸಾಹೇಬರಿಗೆ ಹಿಂದಿಯಲ್ಲಿ ಹೇಳಲಿಲ್ಲವಂತೆ. ಅವಳಿಗೇನೂ ಗೊತ್ತಿಲ್ಲ ಎಂದಷ್ಟೇ ಹೇಳಿ ಕಳಿಸಿದರಂತೆ.

ಯುದ್ಧದ ಕಾನೂನು ಎಂದಾಗ ನಮಗೆ ಜಿನೀವಾದ ಸಭಾಂಗಣ, ಕಪ್ಪು ಕೋಟಿನ ವಕೀಲರು ನೆನಪಾಗುತ್ತಾರೆ. ಅದರ ಮೂಲದಲ್ಲಿರುವುದು ಚೆಕ್‌ಪೋಸ್ಟಿನ ಆ ಪ್ರಶ್ನೆಯೇ: ಎದುರಿಗಿರುವವನು ಕಾದಾಡುವವನೋ, ಮೀನು ಮಾರುವವನೋ? ಈ ಭೇದ ಮಾಡಲು ಬಂದರೆ ಉಳಿದ ನಿಯಮಗಳನ್ನು ಪಾಲಿಸಬಹುದು. ಭಾಷೆಯಿಲ್ಲದ, ನೆರೆಹೊರೆಯ ಪರಿಚಯವಿಲ್ಲದ ಸೈನ್ಯಕ್ಕೆ ಭೇದವೇ ಕಾಣುವುದಿಲ್ಲ. ಪಕ್ಕದಲ್ಲಿದ್ದ ಗೆಳೆಯ ನೆಲಬಾಂಬಿಗೆ ಕಾಲು ಕಳೆದುಕೊಂಡ ಸಂಜೆ, ಕಾಣದ ಶತ್ರುವಿನ ಮೇಲಿನ ಸಿಟ್ಟು ಕಾಣುವ ಊರಿನ ಮೇಲೆ ತಿರುಗುತ್ತದೆ.

1987ರ ಅಕ್ಟೋಬರ್ 21, ದೀಪಾವಳಿ. ಜಾಫ್ನಾದ ಬೋಧನಾ ಆಸ್ಪತ್ರೆಯ ಆಸುಪಾಸು ಬೆಳಗಿನಿಂದ ಶೆಲ್ ಬೀಳುತ್ತಿತ್ತು. ಹುಲಿಗಳ ಒಂದು ಗುಂಪು ಆಸ್ಪತ್ರೆಯೊಳಗೆ ಬಂದಿತ್ತು, ವೈದ್ಯರು ಅವರನ್ನು ಹೊರಹೋಗುವಂತೆ ಕೇಳಿಕೊಂಡಿದ್ದರು ಎಂದು ಬದುಕುಳಿದವರೇ ಹೇಳಿದ್ದಾರೆ. ಸಂಜೆ ನಮ್ಮ ಪಡೆ ಒಳನುಗ್ಗಿತು. ರಾತ್ರಿಯಿಡೀ ವಾರ್ಡು, ಕಚೇರಿ, ಎಕ್ಸ್-ರೇ ವಿಭಾಗಗಳಲ್ಲಿ ಗುಂಡು, ಗ್ರೆನೇಡು. ಸತ್ತವರ ನಡುವೆ ಸತ್ತವರಂತೆ ಬಿದ್ದುಕೊಂಡವರು ಉಳಿದರು. ಬೆಳಗ್ಗೆ ಮಕ್ಕಳ ವೈದ್ಯರೊಬ್ಬರು ಕೈಗಳನ್ನು ಮೇಲೆತ್ತಿ, ನಾವು ವೈದ್ಯರು, ಶರಣಾಗುತ್ತಿದ್ದೇವೆ ಎಂದು ಕೂಗುತ್ತಾ ದಾದಿಯರ ಜೊತೆ ಹೊರಬಂದರು. ಆ ವೈದ್ಯರನ್ನೂ ಗುಂಡಿಟ್ಟು ಕೊಂದರು. ಸ್ಥಳೀಯ ಮಾನವ ಹಕ್ಕು ಸಂಘಟನೆಗಳ ಪ್ರಕಾರ ಸತ್ತ ರೋಗಿಗಳು ಮತ್ತು ಸಿಬ್ಬಂದಿಯ ಸಂಖ್ಯೆ 60ಕ್ಕೂ ಹೆಚ್ಚು. ಎರಡು ಕಡೆಯ ಗುಂಡಿನ ಚಕಮಕಿಗೆ ಸಿಕ್ಕಿ ಸತ್ತರು ಎಂಬುದು ಭಾರತದ ಅಧಿಕೃತ ನಿಲುವು.

ಕಾನೂನು ಏನು ಹೇಳುತ್ತದೆ? ಈ ಯುದ್ಧಕ್ಕೆ ಯಾವ ನಿಯಮ ಅನ್ವಯ ಎಂಬುದೇ ತುಸು ತೊಡಕಿನ ಪ್ರಶ್ನೆ. ಸರ್ಕಾರವೇ ಕರೆಸಿಕೊಂಡ ವಿದೇಶಿ ಸೈನ್ಯ ಅಲ್ಲಿನ ಬಂಡುಕೋರರ ಜೊತೆ ಕಾದಾಡಿದರೆ ಅದು ಎರಡು ದೇಶಗಳ ನಡುವಿನ ಯುದ್ಧವಾಗುವುದಿಲ್ಲ. 1949ರ ನಾಲ್ಕು ಜಿನೀವಾ ಒಪ್ಪಂದಗಳ ಬಹುಪಾಲು ವಿಧಿಗಳು ಎರಡು ದೇಶಗಳ ಯುದ್ಧಕ್ಕೆಂದು ಬರೆದವು. ಆಂತರಿಕ ಯುದ್ಧಗಳಿಗೆಂದು 1977ರಲ್ಲಿ ತಂದ ಎರಡನೆಯ ಹೆಚ್ಚುವರಿ ಪ್ರೋಟೊಕಾಲಿಗೆ ಭಾರತವೂ ಸೇರಿಲ್ಲ, ಶ್ರೀಲಂಕಾವೂ ಸೇರಿಲ್ಲ. ಉಳಿಯುವುದು ನಾಲ್ಕೂ ಒಪ್ಪಂದಗಳಲ್ಲಿ ಸಮಾನವಾಗಿರುವ ಮೂರನೆಯ ವಿಧಿ ಮತ್ತು ಎಲ್ಲ ದೇಶಗಳೂ ರೂಢಿಯಿಂದ ಒಪ್ಪಿರುವ ನಿಯಮಗಳು. ಆದರೆ ಮೂರನೆಯ ವಿಧಿಯಷ್ಟೇ ಸಾಕು. ಕಾದಾಟದಲ್ಲಿ ಇಲ್ಲದವರು, ಶಸ್ತ್ರ ಕೆಳಗಿಟ್ಟವರು, ಗಾಯಾಳುಗಳು, ರೋಗಿಗಳು — ಇವರ ಮೇಲೆ ಕೈಮಾಡುವಂತಿಲ್ಲ. ಗಾಯಾಳುಗಳನ್ನು ಎತ್ತಿ ಆರೈಕೆ ಮಾಡಬೇಕು. ಶತ್ರು ಆಸ್ಪತ್ರೆಯನ್ನು ಮರೆಯಾಗಿ ಬಳಸಿಕೊಂಡರೆ ಅದು ಶತ್ರುವಿನ ಅಪರಾಧ. ಹಾಗಿದ್ದಾಗಲೂ ಮೊದಲು ಎಚ್ಚರಿಕೆ ಕೊಟ್ಟು ಸಮಯ ಕೊಡಬೇಕು, ಒಳಗಿರುವ ರೋಗಿ ಆಗಲೂ ರೋಗಿಯೇ. ಮಾತುಕತೆಗೆ ಬಿಳಿ ಬಾವುಟ ಹಿಡಿದು ಬಂದವನಿಗೆ ರಕ್ಷಣೆ ಕೊಡುವ, ವಿಶ್ವಾಸಘಾತದಿಂದ ಕೊಲ್ಲುವುದನ್ನು ನಿಷೇಧಿಸುವ ನಿಯಮವಂತೂ 1907ರ ಹೇಗ್ ನಿಬಂಧನೆಗಳಷ್ಟು ಹಳೆಯದು. ಜಾಫ್ನಾ ಆಸ್ಪತ್ರೆಯ ಕೊಲೆಗಳಿಗಾಗಿ ಯಾರನ್ನೂ ಬಹಿರಂಗ ವಿಚಾರಣೆಗೆ ಗುರಿಪಡಿಸಲಿಲ್ಲ.

1989ರ ಆಗಸ್ಟ್ 2ರಂದು ಪ್ರಭಾಕರನ್‌ನ ಹುಟ್ಟೂರು ವಲ್ವೆಟ್ಟಿತ್ತುರೈಯಲ್ಲಿ ಇದೇ ಮತ್ತೆ ನಡೆಯಿತು. ಗಸ್ತಿನಲ್ಲಿದ್ದ ಆರು ಜವಾನರನ್ನು ಹುಲಿಗಳು ಕೊಂದರು. ಮುಂದಿನ ಒಂದೆರಡು ದಿನಗಳಲ್ಲಿ ಊರಿನ 50ಕ್ಕೂ ಹೆಚ್ಚು ನಾಗರಿಕರು ಸತ್ತರು, ಮನೆಗಳು ಉರಿದವು. ಭಾರತದಲ್ಲಿ ಇದರ ಬಗ್ಗೆ ಗಟ್ಟಿಯಾಗಿ ದನಿಯೆತ್ತಿದ ಕೆಲವೇ ರಾಜಕಾರಣಿಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಒಬ್ಬರು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಹುಲಿಗಳನ್ನು ಸಂತರೆಂದು ಚಿತ್ರಿಸುವ ಉದ್ದೇಶ ನನಗಿಲ್ಲ. ಪ್ರತಿಸ್ಪರ್ಧಿ ತಮಿಳು ಗುಂಪುಗಳನ್ನು ಅವರು ನಿರ್ನಾಮ ಮಾಡಿದರು, ಮಕ್ಕಳ ಕೈಗೆ ಬಂದೂಕು ಕೊಟ್ಟರು. ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ರಜನಿ ತಿರಣಗಮ ನಮ್ಮ ಪಡೆಯ ಅತ್ಯಾಚಾರಗಳನ್ನೂ ಹುಲಿಗಳ ಕ್ರೌರ್ಯವನ್ನೂ ಒಂದೇ ಖಚಿತತೆಯಿಂದ ದಾಖಲಿಸಿದರು. 1989ರ ಸೆಪ್ಟೆಂಬರ್ 21ರಂದು ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಂದರು. ಹುಲಿಗಳದೇ ಕೆಲಸ ಎಂದು ಅವರ ಕುಟುಂಬ, ಸಹೋದ್ಯೋಗಿಗಳು ಹೇಳುತ್ತಾ ಬಂದಿದ್ದಾರೆ. ಹುಲಿಗಳು ಮತ್ತು ಭಾರತೀಯ ಪಡೆ ಎರಡನ್ನೂ ಒಟ್ಟಿಗೆ ಟೀಕಿಸುವ ಧೈರ್ಯವಿದ್ದ ಇಂತಹವರ ಮೇಲೆಯೇ ಆ ನಾಡಿನ ಶಾಂತಿ ನಿಲ್ಲಬೇಕಿತ್ತು. ಅವರನ್ನು ಕಾಪಾಡುವ ಶಕ್ತಿ ನಮ್ಮ ಪಡೆಗೆ ಇರಲಿಲ್ಲ.

ಹಾಗಾದರೆ ವಿದೇಶಿ ಸೈನ್ಯ ಎಲ್ಲೂ ಗೆದ್ದಿಲ್ಲವೇ? ಗೆದ್ದಿದೆ, ನಾವೇ ಗೆದ್ದಿದ್ದೇವೆ. 1971ರ ಡಿಸೆಂಬರ್ 3ರಿಂದ 16ರವರೆಗೆ ನಡೆದ ಯುದ್ಧದಲ್ಲಿ ಬಾಂಗ್ಲಾದೇಶ ಹುಟ್ಟಿತು. ಅಲ್ಲಿ ಏಪ್ರಿಲ್‌ನಲ್ಲೇ ಅವರದೇ ತಾತ್ಕಾಲಿಕ ಸರ್ಕಾರ ರಚನೆಯಾಗಿತ್ತು, ಅಲ್ಲಿನ ಹೋರಾಟಗಾರರ ಪಡೆ ಮುಕ್ತಿವಾಹಿನಿ ಆಗಲೇ ಕಾದಾಡುತ್ತಿತ್ತು, ಹಿಂದಿನ ವರ್ಷದ ಚುನಾವಣೆಯಲ್ಲಿ ಜನ ತಮ್ಮ ತೀರ್ಪು ಕೊಟ್ಟಿದ್ದರು. ನಮ್ಮ ಸೈನ್ಯ ಇನ್ನೊಬ್ಬರ ಯುದ್ಧಕ್ಕೆ ಕೊನೆಯ ಬಲ ಕೊಟ್ಟು, 1972ರ ಮಾರ್ಚ್‌ನಲ್ಲಿ ಢಾಕಾದಲ್ಲಿ ಬೀಳ್ಕೊಡುಗೆಯ ಪಥಸಂಚಲನ ಮುಗಿಸಿ ಮನೆಗೆ ಬಂತು. ಸುಮಾರು 93,000 ಸೆರೆಯಾಳುಗಳನ್ನು ಜಿನೀವಾ ನಿಯಮದಂತೆ ನೋಡಿಕೊಂಡಿತು. 1988ರ ನವೆಂಬರ್‌ನಲ್ಲಿ ಮಾಲ್ಡೀವ್ಸ್ ಅಧ್ಯಕ್ಷರು ಕರೆದಾಗ ಹೋಗಿ ಕ್ಷಿಪ್ರಕ್ರಾಂತಿಯನ್ನು ಮುರಿದದ್ದೂ ಅಂತಹುದೇ. ಜಾಫ್ನಾದಲ್ಲಿ ಇಂತಹ ಒಡೆಯರೇ ಇರಲಿಲ್ಲ. ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ ಪಂಚಾಯಿತಿ ಮಾಡಲು ಹೋದ ಪಕ್ಕದ ಮನೆಯವನಂತೆ ಕೊನೆಗೆ ಇಬ್ಬರೂ ಸೇರಿ ಹೊಡೆಯುವ ಸ್ಥಿತಿ ಬಂತು.

ಇದು ಅಲಂಕಾರದ ಮಾತಲ್ಲ. 1989ರ ಜನವರಿಯಲ್ಲಿ ಅಧ್ಯಕ್ಷರಾದ ರಣಸಿಂಘೆ ಪ್ರೇಮದಾಸ, ಜುಲೈ 29ರೊಳಗೆ ಭಾರತೀಯ ಪಡೆ ಹೊರಡಬೇಕೆಂದು ಬಹಿರಂಗವಾಗಿ ಹೇಳಿದರು. ಹುಲಿಗಳ ಜೊತೆ ಮಾತುಕತೆ ಆರಂಭಿಸಿದ್ದಲ್ಲದೆ, ನಮ್ಮ ಪಡೆಯ ವಿರುದ್ಧ ಬಳಸಲು ಅವರಿಗೆ ಗುಟ್ಟಾಗಿ ಆಯುಧ ಕೊಡಿಸಿದರು. ಕರೆದ ಮನೆಯೇ ಬಾಗಿಲು ತೋರಿಸಿದ ಮೇಲೆ ಉಳಿದುಕೊಳ್ಳಲು ಕಾನೂನಿನ ಆಧಾರವೂ ಇರಲಿಲ್ಲ. ಆಹ್ವಾನದ ಮೇಲೆ ನಿಂತ ಸೈನ್ಯ ಆಹ್ವಾನ ಹಿಂತೆಗೆದ ಕ್ಷಣ ಅತಿಕ್ರಮಿಯಾಗುತ್ತದೆ. ಹೊರಡುವ ಮುನ್ನ ನಮ್ಮವರು ಇಪಿಆರ್‌ಎಲ್‌ಎಫ್ ಎಂಬ, ಹುಲಿಗಳಿಗೆ ಪ್ರತಿಸ್ಪರ್ಧಿಯಾಗಿದ್ದ ತಮಿಳು ಗುಂಪಿನ ಆಶ್ರಯದಲ್ಲಿ ತಮಿಳು ರಾಷ್ಟ್ರೀಯ ಸೇನೆಯೊಂದನ್ನು ಕಟ್ಟಿಸಿದರು. ಅದಕ್ಕಾಗಿ ಬೀದಿ ಬೀದಿಯಲ್ಲಿ ಹುಡುಗರನ್ನು ಬಲವಂತವಾಗಿ ಎಳೆದೊಯ್ದರು. ನಾವು ಹಡಗು ಹತ್ತಿದ ಮೇಲೆ ಹುಲಿಗಳು ಆ ಹುಡುಗರನ್ನು ಹುಡುಕಿ ಹುಡುಕಿ ಮುಗಿಸಿದರು. ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ನಾಚಿಕೆಯೆನಿಸುವುದು ಇದು, ಇದರ ಬಗ್ಗೆ ಚರ್ಚೆಯೂ ಅತಿ ಕಡಿಮೆ. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಟ್ರಿಂಕೋಮಲಿಯಿಂದ ಹೊರಟಿತು. 1,100ಕ್ಕೂ ಹೆಚ್ಚು ಜವಾನರು ಸತ್ತಿದ್ದರು. ಮದ್ರಾಸಿನಲ್ಲಿ ಮರಳಿದವರನ್ನು ಸ್ವಾಗತಿಸುವ ಸಮಾರಂಭಕ್ಕೆ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಸತ್ತವರ ಹೆಸರು ಕೆತ್ತಿದ ದೊಡ್ಡ ಸ್ಮಾರಕವೊಂದು ಕೊಲಂಬೊ ಪಕ್ಕದ ಬತ್ತರಮುಲ್ಲದಲ್ಲಿದೆ, ಅದನ್ನು ಕಟ್ಟಿಸಿದ್ದು ಶ್ರೀಲಂಕಾ.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತಪ್ಪಿಸಿಕೊಳ್ಳಲಾರೆ. 2009ರ ಮೇ ತಿಂಗಳಲ್ಲಿ ಶ್ರೀಲಂಕಾದ ಸೈನ್ಯ ಪ್ರಭಾಕರನ್‌ನನ್ನು ಕೊಂದಿತು, ಹುಲಿಗಳ ಯುದ್ಧ ಮುಗಿಯಿತು. ಆ ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಗಳ ಮೇಲೆ, ಸರ್ಕಾರವೇ ಸುರಕ್ಷಿತ ವಲಯವೆಂದು ಘೋಷಿಸಿದ ಜಾಗಗಳ ಮೇಲೆ ಶೆಲ್ ಬಿದ್ದವು. 40,000ದವರೆಗೆ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ನೇಮಿಸಿದ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಅಂದರೆ ನಿಯಮ ಮುರಿದ ಸೈನ್ಯ ಗೆದ್ದಿತು, ತಲೆ ಕಡಿದಾಗ ದೇಹವೂ ಬಿತ್ತು. ಹೌದು, ಬಿತ್ತು. ಆದರೆ ಅದು ಅವರದೇ ನೆಲದ ಸೈನ್ಯ. ಅದಕ್ಕೆ ಮರಳಿ ಹೋಗಲು ಬೇರೆ ಊರಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಷ್ಟು ವರ್ಷವಾದರೂ, ಎಷ್ಟು ಹೆಣ ಬಿದ್ದರೂ ಅದು ಅಲ್ಲೇ ಇರುತ್ತಿತ್ತು. ಹೊರಗಿನಿಂದ ಬಂದ ಸೈನ್ಯ ಒಂದಲ್ಲ ಒಂದು ದಿನ ಹೊರಡುತ್ತದೆ, ಚೆಕ್‌ಪೋಸ್ಟಿನ ಅಜ್ಜಿಗೂ ಅದು ಗೊತ್ತು. ಅದಕ್ಕಿರುವ ಬಂಡವಾಳವೆಂದರೆ ಜನರ ಒಪ್ಪಿಗೆ. ಜಾಫ್ನಾದ ಹೂಮಾಲೆಗಳಲ್ಲಿ ಆ ಬಂಡವಾಳ ಧಾರಾಳವಾಗಿತ್ತು. ಆಸ್ಪತ್ರೆಯ ಒಂದು ರಾತ್ರಿಯಲ್ಲಿ, ವಲ್ವೆಟ್ಟಿತ್ತುರೈಯ ಒಂದೆರಡು ಹಗಲುಗಳಲ್ಲಿ ಅದು ಖರ್ಚಾಗಿಹೋಯಿತು. ಸೆಪ್ಟೆಂಬರಿನಲ್ಲಿ, ಇನ್ನೂ ಒಂದು ಗುಂಡೂ ಹಾರದ ಹೊತ್ತಿನಲ್ಲಿ, ಮಾತುಕತೆಗೆ ಕರೆದು ಕೊಂದಿದ್ದರೆ ಅದು ಅದೇ ಗಳಿಗೆಯಲ್ಲಿ ಖಾಲಿಯಾಗುತ್ತಿತ್ತು. ಮರುದಿನದಿಂದ ಜಾಫ್ನಾದಲ್ಲಿ ಭಾರತೀಯ ಅಧಿಕಾರಿಯೊಬ್ಬನ ಮಾತನ್ನು ಯಾರು ನಂಬುತ್ತಿದ್ದರು?

ಅಫ್ಘಾನಿಸ್ತಾನದ ಕಥೆಯನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ಸೋವಿಯತ್ ಸೈನ್ಯ ಒಂಬತ್ತು ವರ್ಷ, ಅಮೆರಿಕ ಇಪ್ಪತ್ತು ವರ್ಷ. ಕೊನೆಗೆ 2020ರ ದೋಹಾ ಒಪ್ಪಂದಕ್ಕೆ ಅಮೆರಿಕ ಮತ್ತು ತಾಲಿಬಾನ್ ಸಹಿ ಹಾಕಿದವು, ಕಾಬೂಲಿನ ಸರ್ಕಾರ ಹಾಕಲಿಲ್ಲ. 2021ರ ಆಗಸ್ಟ್ 15ರಂದು ಆ ಸರ್ಕಾರವೇ ಇರಲಿಲ್ಲ. ಕೊಲಂಬೊ ಒಪ್ಪಂದದಲ್ಲಿ ಬಂಡುಕೋರರ ಸಹಿ ಇರಲಿಲ್ಲ, ಇಲ್ಲಿ ಸರ್ಕಾರದ್ದೇ ಇರಲಿಲ್ಲ.

ಇನ್ನು ಫರ್ನಾಂಡಿಸ್ ಅವರ ವಿಷಯ. 2003ರಲ್ಲಿ ಅಮೆರಿಕ ಇರಾಕನ್ನು ಆಕ್ರಮಿಸಿದ ಮೇಲೆ, ಅಲ್ಲಿ ವ್ಯವಸ್ಥೆ ಕಾಪಾಡಲು ಸುಮಾರು ಒಂದು ಡಿವಿಷನ್‌ನಷ್ಟು ಸೈನ್ಯ ಕಳಿಸಿ ಎಂದು ಭಾರತವನ್ನು ಕೇಳಿತು. ದೆಹಲಿಯಲ್ಲಿ ಕಳಿಸೋಣ ಎನ್ನುವವರಿಗೆ ಕೊರತೆಯಿರಲಿಲ್ಲ. ಜಗತ್ತಿನ ದೊಡ್ಡಣ್ಣನ ಸ್ನೇಹ ಗಟ್ಟಿಯಾಗುತ್ತದೆ ಎಂಬ ಲೆಕ್ಕ. ಆಗ ಪ್ರಧಾನಿ ವಾಜಪೇಯಿ, ರಕ್ಷಣಾ ಸಚಿವರು ಜಾರ್ಜ್ ಫರ್ನಾಂಡಿಸ್. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿದ್ದರೆ ಯೋಚಿಸಬಹುದು, ಇಲ್ಲದಿದ್ದರೆ ಆಗದು ಎಂದು ಜುಲೈ 14ರಂದು ಸಂಪುಟದ ಭದ್ರತಾ ಸಮಿತಿ ತೀರ್ಮಾನಿಸಿತು. ಆ ಸಭೆಯಲ್ಲಿ ಯಾರಿಗೆ ಜಾಫ್ನಾ ಎಷ್ಟು ನೆನಪಾಯಿತೋ ಹೇಳಲಾರೆ. ಮುಂದಿನ ವರ್ಷ, ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸುತ್ತಿದ್ದ ಚಿತ್ರಗಳು ಹೊರಬಂದಾಗ, ಆ ತೀರ್ಮಾನ ನಮ್ಮನ್ನು ಯಾವುದರಿಂದ ಪಾರುಮಾಡಿತ್ತೆಂದು ನನಗಂತೂ ಅರ್ಥವಾಯಿತು.

ಸುಬೇದಾರರಲ್ಲಿ ಇದನ್ನು ಪ್ರಸ್ತಾಪಿಸಿದಾಗ ಅವರಿಗೆ ವಿಶ್ವಸಂಸ್ಥೆಯ ಆದೇಶದ ವಿಷಯದಲ್ಲಿ ಹೆಚ್ಚು ಆಸಕ್ತಿ ಕಾಣಲಿಲ್ಲ. "ಜಾಫ್ನಾಕ್ಕೆ ತಮಿಳು ಬಲ್ಲ ನಾವು ಒಂದಿಷ್ಟು ಜನವಾದರೂ ಇದ್ದೆವು. ಅಲ್ಲಿಗೆ ಅರಬ್ಬಿ ಬಲ್ಲವರನ್ನು ಎಲ್ಲಿಂದ ತರುತ್ತಿದ್ದರಂತೆ?" ಎಂದು ಕೇಳಿದರು.